ಕಣಜದ ಗೋಡೆಯ ರುಚಿ

ಅತ್ತೆ ಒದ್ದೆ ಬಟ್ಟೆಯಿಂದ ತಿಕ್ಕಿದಳು, ಉಗುರಿನಿಂದ ಕೆರೆದಳು, ಮತ್ತೆ ತಿಕ್ಕಿದಳು. ಮಂಚದ ಮೇಲೆ ಮಲಗಿಸಿದ್ದ ತಮ್ಮನ ಬೆರಳ ಗೆಣ್ಣುಗಳಲ್ಲಿ ಕೂತ ಸುಣ್ಣ ಬಿಡಲಿಲ್ಲ.

"ಬಿಡಿ ಅತ್ತಿಗೆ," ಎಂದಳು ಅಮ್ಮ. "ಮದುವೆ ದಿನವೇ ಹೋಗಿರಲಿಲ್ಲ. ಇವತ್ತು ಹೋಗುತ್ತಾ?"

"ಹೀಗೇ ಕಳಿಸಿದ್ರೆ ಅಲ್ಲಿರೋರು ಏನಂದಾರು?"

"ಮೇಸ್ತ್ರಿ ಬಂದ ಅಂತಾರೆ."

ಅತ್ತೆಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮಗಳು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದಳು. ಅಳು ಬಂದಾಗ ಅಳುತ್ತಿದ್ದಳು, ನಿಂತಾಗ ಆಕಾಶ ನೋಡುತ್ತಿದ್ದಳು. ಬೆಳಗ್ಗೆ ಇದ್ದ ಒಣಗಾಳಿಗೆ ಈಗ ತೇವ ಬಂದಿತ್ತು. ಪಕ್ಕದ ಮನೆಯ ತಂತಿಯ ಮೇಲೆ ಹರವಿದ ಬಟ್ಟೆಗಳು ಒಣಗದೆ ಜೋತುಬಿದ್ದಿದ್ದವು. ಅಪ್ಪನನ್ನು ಮಣ್ಣು ಮಾಡುವುದು ಸಂಜೆಗೆ ಎಂದಾಗಿತ್ತು.

ಗಿಡ್ಡಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. ಅಪ್ಪನ ಜೊತೆ ಗಾರೆ ಕೆಲಸ ಶುರು ಮಾಡಿ, ಅಪ್ಪನ ಜೊತೆಯೇ ಮುದುಕನಾದವನು. ಒಮ್ಮೆ ಮಂಚದ ಕಡೆ ನೋಡಿ, ಮಗಳ ಹತ್ತಿರ ಬಂದು ದನಿ ತಗ್ಗಿಸಿದ.

"ಕಣಜದ ಗೋಡೆ ಪಟ್ಟು ಒಣಗಿ ಅಂಚು ಏಳ್ತಾ ಇದೆ. ಇವತ್ತೇ ಕೀಳ್ಬೇಕು."

"ಇವತ್ತಾ?"

"ಮಳೆ ನಮ್ಮನ್ನ ಕೇಳಿ ಬರುತ್ತಾ ತಾಯಿ?"

ಅಪ್ಪನ ಕೊನೆಯ ಕೆಲಸ ಅದು. ಊರಿನ ಹಳೆಯ ಕಣಜ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದೊಡ್ಡ ಕಟ್ಟಡ. ಒಂದು ಕಾಲಕ್ಕೆ ಅದರಲ್ಲಿ ಗೊಬ್ಬರದ ಮೂಟೆಗಳನ್ನು ಒಟ್ಟಿದ್ದರು. ಗೊಬ್ಬರ ಕರಗಿ, ಉಪ್ಪಾಗಿ ಗೋಡೆಗೆ ಇಳಿದಿತ್ತು. ಪ್ರತಿ ಬೇಸಿಗೆ ಅದು ಬಿಳಿ ಹೂವಿನಂತೆ ಹೊರಬಂದು, ಇಟ್ಟಿಗೆ ಸಂದಿನ ಗಾರೆಯನ್ನು ಹಿಟ್ಟು ಮಾಡಿ ಉದುರಿಸುತ್ತಿತ್ತು. ಅಪ್ಪ ಸಂದುಗಳನ್ನು ಬಿಡಿಸಿ, ಒದ್ದೆ ಜೇಡಿಮಣ್ಣಿನ ಪಟ್ಟು ಹಚ್ಚಿದ್ದ. ಮಣ್ಣು ಒಣಗುತ್ತ ಗೋಡೆಯ ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಣಗಿದ ಪಟ್ಟಿಗೆ ನೀರು ತಾಗಿದರೆ ಮಾತ್ರ ಅಷ್ಟನ್ನೂ ಗೋಡೆ ಮತ್ತೆ ಕುಡಿದುಬಿಡುತ್ತದೆ.

"ಹೆಣ ಮನೇಲಿಟ್ಕೊಂಡು ಕೆಲಸಕ್ಕೆ ಹೋಗ್ತಾಳಂತಾ?" ಅತ್ತೆಯ ಕಿವಿಗೆ ಬಿದ್ದಿತ್ತು.

ಚಿಕ್ಕಪ್ಪ ಅಷ್ಟರಲ್ಲಿ ಒಳಗೆ ಬಂದ. ಗುಂಡಿ ತೋಡಿಸಿ ಬಂದ ಮಣ್ಣು ಪ್ಯಾಂಟಿನ ಮೇಲೆ ಇನ್ನೂ ಇತ್ತು. ಅಣ್ಣ ಸುಣ್ಣ ಹಿಡಿದರೆ ಇವನು ಹೊಸ ಮನೆಗಳ ಗುತ್ತಿಗೆ ಹಿಡಿದವನು. ಮನೆಯವರಿಗೆಲ್ಲ ಸಿಮೆಂಟ್ ಚಿಕ್ಕಪ್ಪ.

"ಹೋಗ್ಬೇಡ ಮಗಾ," ಎಂದ ಮೆತ್ತಗೆ. "ಕಣಜದ ಸಮಿತಿಯವರು ಹೊರಗೇ ಕೂತಿದ್ದಾರೆ. ಪಟ್ಟು ಕಿತ್ತ ಕೂಡಲೇ ಸಂದು ತುಂಬೋಕೆ ಶುರು ಮಾಡ್ಬೇಕಂತೆ, ಇನ್ನು ಕಾಯಲ್ವಂತೆ. ನಿನ್ನ ಕೈಲಿ ಆಗ್ದಿದ್ರೆ ನಾನು ಸಿಮೆಂಟ್ ತುಂಬಿ ಕೊಡ್ತೀನಿ. ಅಣ್ಣನ ಮರ್ಯಾದೆ ಮನೇಲೇ ಉಳಿಯುತ್ತೆ."

"ಆ ಗೋಡೆಗೆ ಸಿಮೆಂಟಾ? ಬಟ್ಟೆ ಒಗೆಯೋ ಮನೆ ಮರೆತ್ರಾ ಚಿಕ್ಕಪ್ಪ?"

ಚಿಕ್ಕಪ್ಪ ಪ್ಯಾಂಟಿನ ಮಣ್ಣು ಕೊಡವಿಕೊಳ್ಳತೊಡಗಿದ.

*

ಕಾಲುವೆ ಪಕ್ಕದ ಬಟ್ಟೆ ಒಗೆಯುವ ಮನೆಯನ್ನು ಅಣ್ಣತಮ್ಮ ಸೇರಿ ರಿಪೇರಿ ಮಾಡಿದ್ದರು. ಸಂದುಗಳಿಗೆ ಸಿಮೆಂಟ್ ತುಂಬಿದವನು ಚಿಕ್ಕಪ್ಪ. ಸಿಮೆಂಟ್ ಗಟ್ಟಿಯಾಗಿ ನಿಂತಿತು. ಗೋಡೆಯೊಳಗಿನ ಉಪ್ಪುನೀರು ಅಲ್ಲಿ ದಾರಿ ಸಿಗದೆ ಇಟ್ಟಿಗೆಗೆ ನುಗ್ಗಿತು. ಕೆಲವು ಮಳೆಗಾಲ ಕಳೆದ ಮೇಲೆ ಇಟ್ಟಿಗೆಗಳು ಸವೆದು ಒಳಸರಿದವು. ಸಿಮೆಂಟಿನ ಗೆರೆಗಳು ಮಾತ್ರ ಜೇನಿಲ್ಲದ ಗೂಡಿನಂತೆ ಚಾಚಿಕೊಂಡು ನಿಂತವು.

ಅಪ್ಪ ಮಗಳನ್ನು ಕರೆದುಕೊಂಡು ಹೋಗಿ ತೋರಿಸಿದ್ದ. ಇಟ್ಟಿಗೆಯ ಗುಳಿಯಿಂದ ಚಿಟಿಕೆ ಪುಡಿ ತೆಗೆದು ಅವಳ ಅಂಗೈಗೆ ಹಾಕಿದ.

"ನಾಲಿಗೆ ತುದಿಗೆ ಮುಟ್ಟಿಸು. ನುಂಗ್ಬೇಡ, ಉಗಿ. ಏನಿದೆ?"

"ಉಪ್ಪು. ಆಮೇಲೆ ಏನೋ ತಣ್ಣಗೆ."

"ಆ ತಣ್ಣಗಿರೋದೇ ಗೋಡೆ ತಿನ್ನೋ ಕಳ್ಳ."

ಮರಳು, ನೀರು, ಗೋಡೆ, ಏನನ್ನೂ ನೆಕ್ಕದೆ ಅಪ್ಪ ಕೆಲಸ ಮುಟ್ಟುತ್ತಿರಲಿಲ್ಲ. ಊರವರು ನಾಲಿಗೆ ಮೇಸ್ತ್ರಿ ಎಂದರು. ಅಮ್ಮ ಬೈಯುತ್ತಿದ್ದಳು: "ನನ್ನ ಅಡುಗೆಗೆ ಉಪ್ಪು ಹಾಕೋದೇ ಮರೆತ್ರೂ ಇವರಿಗೆ ಗೊತ್ತಾಗಲ್ಲ. ಕಂಡೋರ ಗೋಡೆ ಉಪ್ಪು ಮಾತ್ರ ಗೊತ್ತಾಗುತ್ತೆ." ಮಗಳು ಕರಣೆ ಹಿಡಿದ ಮೇಲೆ ಗೋಡೆಯ ರುಚಿಯನ್ನು ಮೊದಲು ಅವಳೇ ನೋಡುತ್ತಿದ್ದಳು. ಆದರೂ ಅವಳ ಬೆನ್ನಿಗೇ ಅಪ್ಪ ನೋಡುತ್ತಿದ್ದ. ಇದೆ, ಇಲ್ಲ ಎಂಬ ಕೊನೆಯ ಮಾತು ಅವನದೇ.

*

"ಹೋಗಿ ಬಾ," ಎಂದಳು ಅಮ್ಮ, ಮಂಚದ ಪಕ್ಕದಿಂದ ಏಳದೆ. "ಇವರು ಎಲ್ಲಿಗೂ ಹೋಗಲ್ಲ. ನಾನು ಕೂತಿರ್ತೀನಿ."

"ಜನ ಆಡ್ಕೋತಾರೆ ಕಣೇ!" ಅತ್ತೆ ಗದರಿದಳು.

"ಆಡ್ಕೊಳ್ಳಲಿ ಅತ್ತಿಗೆ. ಗೋಡೆ ನೆಕ್ಕೋನ ಹೆಂಡತಿ ಅಂತ ಆಡ್ಕೊಂಡಾಗಲೇ ನಾನು ಸತ್ತಿಲ್ಲ."

ಕಣಜದ ಪಡುವಣ ಗೋಡೆಗೆ ಇಳಿಬಿಟ್ಟಿದ್ದ ಗೋಣಿತಾಟುಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು. ಗೋಡೆಯುದ್ದಕ್ಕೂ ಜೇಡಿಮಣ್ಣು ಬಿರಿದು ಬಿಳಿಚಿಕೊಂಡಿತ್ತು. ಕೆಲವು ಕಡೆ ಅಪ್ಪನ ಅಂಗೈಯ ಗುರುತು ಹಾಗೇ ಇತ್ತು. ಮಗಳು ಕೆಳಗೆ ಅಗಲವಾದ ಬಟ್ಟೆ ಹಾಸಿಸಿದಳು.

"ಒಂದು ಚೂರೂ ನೆಲಕ್ಕೆ ಬೀಳ್ಬಾರದು. ಬಿದ್ರೆ ಪಾಯ ಕುಡಿಯುತ್ತೆ."

"ನಿಮ್ಮಪ್ಪ ಇದನ್ನೇ ಹೇಳಿ ಹೇಳಿ ನನ್ನ ತಲೆ ತಿಂದ," ಎಂದ ಗಿಡ್ಡಣ್ಣ. "ಈಗ ನೀನು ಶುರು ಮಾಡ್ಕೊಂಡೆ."

ಆಳುಗಳು ಮರದ ಚಕ್ಕೆಯಿಂದ ಮೇಲಿಂದ ಕೆಳಕ್ಕೆ ಪಟ್ಟು ಬಿಡಿಸಿದರು. ಮಣ್ಣಿನ ಹಕ್ಕಳೆಗಳು ಬಟ್ಟೆಗೆ ಬಿದ್ದವು. ಅಂಗೈ ಗುರುತಿನ ಮುಂದೆ ಮಗಳ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದನ್ನೂ ತೆಗೆದಳು. ಕಿತ್ತ ಮಣ್ಣನ್ನೆಲ್ಲ ದೂರಕ್ಕೆ ಹೊರಿಸಿ, ಒಣ ಕುಂಚದಿಂದ ಗೋಡೆ ಗುಡಿಸಿದಳು. ಕೆಳಗೆ ಇಟ್ಟಿಗೆ ಕೆಂಪಗೆ, ಮೊನ್ನೆ ಸುಟ್ಟದ್ದರಂತೆ ಕಂಡಿತು.

ಅವಳು ಸಂದಿನಿಂದ ಪುಡಿ ಕೆರೆದು ತುಟಿಗೆ ತಂದಳು. ಕಣ್ಣು ಮುಚ್ಚಿದಳು. ಹಿಂದೆ ಯಾರೋ ಬಂದು ನಿಲ್ಲಬೇಕಿತ್ತು.

"ಇದೆ," ಎಂದಳು.

ಇನ್ನೊಂದು ಕಡೆ ನೋಡಿದಳು. ಅಲ್ಲೂ ಉಪ್ಪು.

ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಪಟ್ಟು ಹಚ್ಚಿ ಒಣಗಿಸಬೇಕೆಂದರೆ ಸಮಿತಿಯವರು ಕಾಯುವುದಿಲ್ಲ. ಸಿಮೆಂಟ್ ಮೂಟೆಗಳು ಬರುತ್ತವೆ. ಇಲ್ಲ ಎಂದುಬಿಟ್ಟರೆ ಇಂದು ಯಾರೂ ಪ್ರಶ್ನೆ ಮಾಡುವುದಿಲ್ಲ. ಹೊಸ ಗಾರೆ ಮುಂದಿನ ಬೇಸಿಗೆಯಲ್ಲಿ ಹಿಟ್ಟಾಗುತ್ತದೆ, ಅಷ್ಟೆ.

"ಇದೆ ಗಿಡ್ಡಣ್ಣ. ಸಮಿತಿಯವರಿಗೆ ನಾನೇ ಹೇಳ್ತೀನಿ."

ಗಿಡ್ಡಣ್ಣ ಅವಳ ಮುಖವನ್ನು ನೋಡುತ್ತಿದ್ದವನು, "ಬೆಳಗ್ಗೆಯಿಂದ ಎಷ್ಟು ಅತ್ತಿದ್ದೀಯ?" ಎಂದ.

"ಅದಕ್ಕೂ ಇದಕ್ಕೂ ಏನು?"

"ತುಟಿ ನೋಡ್ಕೊ. ಒಣಗಿ ಬೆಳ್ಳಗಾಗಿದೆ, ಪಟ್ಟಿನ ಹಾಗೆ. ನೀನು ನೆಕ್ಕಿದ್ದು ಗೋಡೇನಲ್ಲ ತಾಯಿ, ನಿನ್ನ ಕಣ್ಣೀರು. ಹೋಗು, ಮುಖ ತೊಳ್ಕೊ."

ಆಳುಗಳಲ್ಲಿ ಒಬ್ಬ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡ. ಅವಳಿಗೂ ನಗು ಬಂತು; ಬೆಳಗ್ಗೆಯಿಂದ ಮೊದಲ ಸಲ. ಪೀಪಾಯಿಯ ನೀರಿನಿಂದ ಮುಖ, ಕೈ ತೊಳೆದಳು, ಬಾಯಿ ಮುಕ್ಕಳಿಸಿ ಉಗಿದಳು. ತಿರುಗಿ ಬಂದು ಗೋಡೆಯ ಈ ತುದಿಯಿಂದ ಶುರು ಮಾಡಿದಳು. ಚಿಟಿಕೆ, ನಾಲಿಗೆ, ಉಗುಳು. ಸುಟ್ಟ ಮಣ್ಣು. ಮುಂದಕ್ಕೆ. ಸುಟ್ಟ ಮಣ್ಣು. ಆಳೆತ್ತರದಲ್ಲಿ, ಮೊಣಕಾಲ ಮಟ್ಟದಲ್ಲಿ, ಬಾಗಿಲ ಕಮಾನಿನ ಕೆಳಗೆ. ಬಡಗಣ ಮೂಲೆಗೆ ಬಂದಾಗ ನಿಂತಳು. ಎರಡನೆಯ ಸಲ ನೋಡಿದಳು.

"ಇಲ್ಲಿದೆ ಕಳ್ಳ. ತಣ್ಣಗೆ ಕೂತಿದ್ದಾನೆ." ಬೆರಳಿನಿಂದ ಇಟ್ಟಿಗೆಯ ಮೇಲೆ ಗೆರೆ ಎಳೆದಳು. "ಈ ಮೂಲೆಗೆ ಮಾತ್ರ ಇನ್ನೊಂದು ಪಟ್ಟು. ಮಿಕ್ಕ ಗೋಡೆಗೆ ನಾಳೆಯಿಂದ ಸುಣ್ಣದ ಗಾರೆ."

"ನಾನೂ ಒಂದ್ಸಲ ನೋಡ್ಲಾ?" ಎಂದ ಗಿಡ್ಡಣ್ಣ.

"ಬೇಕಾದ್ರೆ ನೋಡು. ಇರೋದು ಅಷ್ಟೇ."

ಅವನು ನೋಡಲಿಲ್ಲ. ಮೂಲೆಗೆ ಬೇಕಾದ ಮಣ್ಣು ನೆನೆಹಾಕಲು ಆಳುಗಳನ್ನು ಕೂಗಿದ.

*

ಹೆಣ ಇಳಿಸುವಾಗ ಮೊದಲ ಹನಿಗಳು ಬಿದ್ದವು. ಹಿಡಿದುಕೊಂಡವರೆಲ್ಲ ಗಾರೆಯವರೇ, ಅಂಗಿಗಳಿಗೆ ಇನ್ನೂ ಇಟ್ಟಿಗೆ ಪುಡಿ ಅಂಟಿತ್ತು.

"ಏನಂತು ಗೋಡೆ?" ಚಿಕ್ಕಪ್ಪ ಪಕ್ಕಕ್ಕೆ ಬಂದು ಕೇಳಿದ.

"ನಾಳೆ ಗಾರೆ ಚಿಕ್ಕಪ್ಪ. ಸಮಿತಿಯವರಿಗೆ ಹೇಳಾಯ್ತು. ನಿಮ್ಮ ಸಿಮೆಂಟ್ ನಿಮ್ಮ ಹತ್ರಾನೇ ಇರಲಿ."

ಚಿಕ್ಕಪ್ಪ ಅವಳನ್ನೇ ನೋಡಿದ. "ಅಣ್ಣನ ಬಾಯಿ ಮುಚ್ತು ಅಂದ್ಕೊಂಡಿದ್ದೆ," ಎಂದು ಕಣ್ಣೊರೆಸಿಕೊಂಡ.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅತ್ತೆ, ಚಿಕ್ಕಪ್ಪ, ಗಿಡ್ಡಣ್ಣ, ಮಗಳು. ಕೊನೆಗೆ ಅಮ್ಮ ಬಗ್ಗಿ ಮಣ್ಣು ತೆಗೆದುಕೊಂಡಳು. ಹಾಕಲಿಲ್ಲ. ಬೆರಳುಗಳ ನಡುವೆ ಪುಡಿ ಮಾಡಿದಳು, ಕಣ್ಣೀರು ಇಳಿದಿದ್ದ ತುಟಿಯನ್ನು ಸೆರಗಿನಿಂದ ಚೆನ್ನಾಗಿ ಒರೆಸಿಕೊಂಡಳು, ಚಿಟಿಕೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿದಳು. ಪಕ್ಕಕ್ಕೆ ತಿರುಗಿ, ಗಂಡ ಉಗಿಯುತ್ತಿದ್ದಂತೆಯೇ ಉಗಿದು, ಉಪ್ಪಿಲ್ಲವೆಂಬಂತೆ ತಲೆಯಾಡಿಸಿ ಮುಷ್ಟಿ ಬಿಚ್ಚಿದಳು.