ಕುಚ್ಚಲಕ್ಕಿಯೊಳಗಿನ ಪಿನ್

ನನ್ನ ಗಂಡ ಸಿರಿಲ್‌ಗೆ ಒಂದು ಕೆಟ್ಟ ಅಭ್ಯಾಸವಿತ್ತು. ಚೆನ್ನಾಗಿರುವುದನ್ನು ಚೆನ್ನಾಗಿರಲು ಬಿಡುತ್ತಿರಲಿಲ್ಲ. ರಿಟೈರ್ ಆದ ವರ್ಷ, ಅಮೆರಿಕದ ಸೈನಿಕರು ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಹಳೆಯ ಪಿಸ್ತೂಲಿನ ನಕಲೊಂದನ್ನು ಕೊಂಡು ತಂದರು. ನಕಲು ಎಂದರೆ ಆಟದ ಸಾಮಾನಲ್ಲ, ಗುಂಡು ಹಾರಿಸುವಂಥದ್ದೇ. ಹಳೆಯದರ ಅಚ್ಚಿನಲ್ಲಿ ಈಗ ಮಾಡಿದ್ದು, ಅಷ್ಟೇ. "ಅಸಲಿನ ಹಾಗೇ ಉಂಟು ನೋಡು" ಎಂದು ಒಂದು ವಾರ ಹಿಗ್ಗಿದರು. ಆಮೇಲೆ ಅದನ್ನು ಬದಲಾಯಿಸಲು ಕೂತರು. ಬದಲಾಯಿಸುವುದಾದರೆ ಅಸಲಿನ ಹಾಗಿರುವುದನ್ನು ತಂದದ್ದಾದರೂ ಯಾಕೆ? ಕೇಳಿದರೆ, "ನಿಂಗೆ ಅರ್ಥ ಆಗುದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಅಮೆರಿಕದ ಎಜುಕೇಶನ್ ಹಿಲ್‌ನ ನಮ್ಮ ಮನೆಯಲ್ಲಿ ಕಾರು ಹೊರಗೆ ತೊಯ್ಯುತ್ತಿತ್ತು, ಪಿಸ್ತೂಲು ಗರಾಜಿನೊಳಗೆ ಟವೆಲಿನ ಮೇಲೆ ಬೆಚ್ಚಗೆ ಮಲಗಿರುತ್ತಿತ್ತು. ಟ್ರಿಗರ್ ಬದಲಾಯಿತು, ಗುರಿ ನೋಡುವ ತುಂಡು ಬದಲಾಯಿತು, ಸ್ಪ್ರಿಂಗೂ ಬದಲಾಯಿತು. ಕೊನೆಗೆ ಹಿಡಿಗೆಂದು ನನ್ನ ಹೆರೆಮಣೆಯನ್ನೇ ಕತ್ತರಿಸಿದರು. ಮಂಗಳೂರಿನಿಂದ ಸೀರೆಗಳ ಮಧ್ಯೆ ಸುತ್ತಿ ತಂದಿದ್ದ ಹಲಸಿನ ಮರದ ಹೆರೆಮಣೆ! ಅದರ ಕಾಲು ಮುರಿದಿತ್ತು, ನಿಜ. ಆದರೂ ಕಾಯಿ ತುರಿಯುವ ಮರದಲ್ಲಿ ಪಿಸ್ತೂಲಿಗೆ ಹಿಡಿಯೇ? ನಾನು ಮಾತು ಬಿಟ್ಟೆ. ಅವರ ಪಾಡಿಗೆ ಅವರು ಉಜ್ಜಿದರು, ಎಣ್ಣೆ ಕುಡಿಸಿದರು, ಮರ ಜೇನಿನ ಬಣ್ಣಕ್ಕೆ ತಿರುಗಿತು. ಚೆಂದ ಕಾಣುತ್ತಿತ್ತು. ಅವರೆದುರು ನಾನು ಹಾಗೆ ಹೇಳಲಿಲ್ಲ.

ಜನವರಿಯಲ್ಲಿ ಹೃದಯಾಘಾತವಾಗಿ ಹೋಗಿಬಿಟ್ಟರು. ಪಿಸ್ತೂಲು ಬಿಚ್ಚಿದ್ದು ಬಿಚ್ಚಿದಂತೆಯೇ ಟವೆಲಿನ ಮೇಲೆ ಉಳಿಯಿತು.

ಏಪ್ರಿಲ್‌ನಲ್ಲಿ ಮಗ ಡೇನಿಯಲ್ ಲಿನ್‌ವುಡ್‌ನ ಅಪಾರ್ಟ್‌ಮೆಂಟ್ ಬಿಟ್ಟು ನನ್ನ ಹತ್ತಿರ ಬಂದ. ಕೆಲಸ ಹೋಗಿತ್ತು. ಅದರ ಬೆನ್ನಿಗೇ ಮದುವೆಯಾಗಬೇಕಿದ್ದ ಹುಡುಗಿಯೂ ಹೋಗಿದ್ದಳು. ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಟ. ಮೇಲೆ ಹೋಗುವನು, ಕೆಳಗೆ ಬರುವನು, ಫ್ರಿಜ್ ತೆರೆಯುವನು, ಏನೂ ತೆಗೆಯದೆ ಮುಚ್ಚುವನು. ಕೂತರೆ ಮೊಣಕಾಲು ಕುಣಿಯುತ್ತಿತ್ತು, ಮೇಜಿನ ಮೇಲಿನ ಚಮಚಗಳು ಗಿಲಿಗಿಲಿ ಎನ್ನುತ್ತಿದ್ದವು. ಅವನ ಹಿಂದೆಯೇ ನನ್ನ ಕಣ್ಣೂ ಓಡಾಡತೊಡಗಿತು.

ಒಂದು ಮಧ್ಯಾಹ್ನ ಗಂಜಿ ಉಣ್ಣುತ್ತ, "ನಾನೊಬ್ಬ ಇಲ್ದಿದ್ರೆ ನೀನು ಈ ಮನೆ ಮಾರಿ ಆರಾಮಾಗಿ ಇರ್ಬಹುದಿತ್ತು ಮಮ್ಮಿ" ಎಂದ. ನಾನು ಚೆನ್ನಾಗಿ ಬೈದೆ. ಬೈಯುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಸುಮ್ಮನೆ ನಕ್ಕ. ಬಟ್ಟಲು ತೊಳೆದಿಟ್ಟು, "ಪಪ್ಪನ ಪಿಸ್ತೂಲು ನಾನೇ ಕಂಪ್ಲೀಟ್ ಮಾಡ್ತೀನಿ" ಎಂದು ಗರಾಜಿಗೆ ಹೋದ.

ಸಿರಿಲ್ ಬೀಗ ಹಾಕಿಡುತ್ತಿದ್ದ ಗುಂಡಿನ ಪೆಟ್ಟಿಗೆಯ ಕೀಲಿ ಈಗ ಅವನ ಹತ್ತಿರವೇ ಇತ್ತು. ಮಗ ತನಗೇನಾದರೂ ಮಾಡಿಕೊಂಡರೆ? ಅವನು ಸ್ನಾನಕ್ಕೆ ಹೋದದ್ದೇ ತಡ, ಗರಾಜಿಗೆ ಓಡಿದೆ. ಸಿರಿಲ್ ಒಮ್ಮೆ ಬೆರಳುದ್ದದ ಉಕ್ಕಿನ ಕಡ್ಡಿಯೊಂದನ್ನು ತೋರಿಸಿ ನನಗೆ ಪಾಠ ಮಾಡಿದ್ದರು: "ಇದು ಫೈರಿಂಗ್ ಪಿನ್. ಗುಂಡಿನ ಹಿಂದೆ ಕುಟ್ಟುದು ಇದೇ. ಇದು ಇಲ್ಲದಿದ್ರೆ ಪಿಸ್ತೂಲು ಬರೀ ಸುತ್ತಿಗೆ." ಆ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ತಂದು, ಕುಚ್ಚಲಕ್ಕಿಯ ಡಬ್ಬದಲ್ಲಿ ಮೊಣಕೈವರೆಗೆ ಕೈ ಇಳಿಸಿ ತಳದಲ್ಲಿ ಹೂತೆ. ಇಡೀ ಪಿಸ್ತೂಲನ್ನೇ ಅಡಗಿಸಬಹುದಿತ್ತು. ಆದರೆ ಯಾಕೆಂದು ಅವನು ಕೇಳುತ್ತಿದ್ದ, ನಾನು ಹೇಳಬೇಕಾಗುತ್ತಿತ್ತು. ಆ ಮಾತನ್ನು ಬಾಯಿಬಿಟ್ಟು ಆಡಿದರೆ ಎಲ್ಲಿ ನಿಜವಾಗುತ್ತದೋ ಎಂದು ಹೆದರಿದ್ದೆ.

"ಮಮ್ಮಿ, ಒಂದು ಪಿನ್ ಕಾಣಿಸ್ತಿಲ್ಲ. ನೋಡಿದ್ಯಾ?"

"ನಂಗೆ ಗೊತ್ತಿರುದು ಸೀರೆಗೆ ಹಾಕುವ ಪಿನ್ನು ಒಂದೇ."

ಅವನು ಟಾರ್ಚ್ ಹಿಡಿದು ಬೆಂಚಿನ ಕೆಳಗೆ ಹುಡುಕಿದ, ಗರಾಜನ್ನು ಗುಡಿಸಿದ. ಉಳಿದ ಭಾಗಗಳನ್ನೆಲ್ಲ ಒರೆಸಿ ಹೊಳಪು ಮಾಡಿ ಜೋಡಿಸಿಟ್ಟ. ಆಗಾಗ ಅಡುಗೆಮನೆಗೆ ಬಂದು "ಸಿಕ್ತಾ ಮಮ್ಮಿ?" ಎನ್ನುವನು. "ಇಲ್ಲ" ಎನ್ನುವೆನು. ಅಕ್ಕಿ ಅಳೆಯುವ ನೆಪದಲ್ಲಿ ದಿನವೂ ಡಬ್ಬದ ತಳವನ್ನು ಮುಟ್ಟಿ ನೋಡುತ್ತಿದ್ದೆ. ಕಡ್ಡಿ ಬೆರಳಿಗೆ ತಣ್ಣಗೆ ತಗಲಿದರೆ ಆ ಹೊತ್ತಿಗೆ ಉಸಿರು ಬರುತ್ತಿತ್ತು.

ಹಾಗಿರುವಾಗ ಚರ್ಚಿನ ಗೆಳತಿ ಶಾಲೆಟ್ ಮನೆಗೆ ಬಂದಳು. ಅವಳ ಗಂಡನಿಗೂ ಪಿಸ್ತೂಲಿನದೇ ಹುಚ್ಚು. ಏನೂ ಅರಿಯದವಳ ಹಾಗೆ, "ಈ ಪಿನ್ನು ಗಿನ್ನು ಕಳೆದುಹೋದ್ರೆ ಎಂತ ಮಾಡುದು?" ಎಂದು ಕೇಳಿದೆ. "ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದ್ರೆ ನಾಳೆ ಬಾಗಿಲಿಗೇ ಬರ್ತದೆ. ಒಂದು ಕಾಫಿಯ ದುಡ್ಡು" ಎಂದಳು ಪುಣ್ಯಾತ್ಗಿತ್ತಿ. ಅಂದಿನಿಂದ ನನ್ನ ನೆಮ್ಮದಿ ಪೂರ್ತಿ ಹಾರಿಹೋಯಿತು. ವ್ಯಾನಿನ ಸದ್ದು ಕೇಳಿದರೆ ಸಾಕು, ಒಲೆಯ ಮೇಲಿನ ಸಾರು ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಬಂದ ಪಾರ್ಸೆಲನ್ನೆಲ್ಲ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದೆ. ಪಕ್ಕದ ಮನೆಯವರ ಶಾಂಪೂವನ್ನೂ ಅಲ್ಲಾಡಿಸಿದ್ದೇನೆ.

ಪಾರ್ಸೆಲು ಬರಲಿಲ್ಲ. ಆದರೆ ಒಂದು ಶನಿವಾರ ಬೆಳಿಗ್ಗೆ ಡಬ್ಬಕ್ಕೆ ಕೈ ಇಳಿಸಿದರೆ ತಳದಲ್ಲಿ ಬರೀ ಅಕ್ಕಿ.

ಇನ್ನೊಮ್ಮೆ ತಡಕಿದೆ. ಡಬ್ಬವನ್ನು ಎತ್ತಿ ನೆಲದ ಮೇಲೆ ಸುರಿದುಬಿಟ್ಟೆ. ಕೆಂಪು ಅಕ್ಕಿ ಅಡುಗೆಮನೆಯೆಲ್ಲ ಹರಡಿತು. ಮಂಡಿಯೂರಿ ಎರಡೂ ಕೈಯಲ್ಲಿ ಕೆದಕುತ್ತಿದ್ದಾಗ ಡೇನಿಯಲ್ ಬಾಗಿಲಲ್ಲಿ ಬಂದು ನಿಂತ.

"ಎಲ್ಲಿ ಅದು?" ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ.

ಅವನು ಪ್ಯಾಂಟಿನ ಜೇಬಿನಿಂದ ಕಡ್ಡಿ ತೆಗೆದು ನನ್ನ ಅಂಗೈಯಲ್ಲಿಟ್ಟ. ಬಿಸಿಯಾಗಿತ್ತು.

"ನಿನ್ನೆ ಸಂಜೆ ನೀನು ಚರ್ಚಿಗೆ ಹೋದಾಗ ಗಂಜಿ ಮಾಡಕ್ಕೆ ಅಕ್ಕಿ ತೆಗ್ದೆ. ಲೋಟದೊಳಗೆ ಬಂತು."

"ಮತ್ತೆ ರಾತ್ರಿ ಕೂಡ ಸಿಕ್ತಾ ಅಂತ ಕೇಳಿದಿಯಲ್ಲ?"

"ನೀನು ಇಲ್ಲ ಅನ್ನೋದು ಕೇಳ್ಬೇಕಿತ್ತು ಮಮ್ಮಿ. ಅದು ಕೇಳಿದ್ರೆ ನೀನು ನನ್ನ ಕಾಯ್ತಿದ್ದೀಯ ಅನ್ನಿಸ್ತಿತ್ತು." ಅವನು ಗೋಡೆಗೆ ಒರಗಿ ಅಲ್ಲೇ ಕುಸಿದು ಕೂತ. "ಹೊಸದು ಯಾವತ್ತೋ ಆರ್ಡರ್ ಮಾಡ್ಬಹುದಿತ್ತು. ಮಾಡ್ಲಿಲ್ಲ. ಇದು ಸಿಕ್ಕಿದ್ಮೇಲೆ ಗರಾಜಿಗೆ ಹೋಗೋದು, ವಾಪಸ್ ಬರೋದು, ಇದೇ ಆಯ್ತು. ಅಕ್ಕೀಲಿ ಇಟ್ರೆ ನಂಗೆ ಸಿಗತ್ತೆ. ನಂಗೆ ಸಿಗದೇ ಇರೋ ಕಡೆ ಇಡು, ಪ್ಲೀಸ್."

ಅಷ್ಟು ದಿನ ಗಂಟಲಲ್ಲೇ ಹಿಡಿದಿಟ್ಟದ್ದನ್ನು ಕೇಳಿಬಿಟ್ಟೆ. "ಸಾಯ್ಬೇಕು ಅಂತ ಅನ್ನಿಸ್ತದಾ ಮಗಾ?"

ಅವನು ನೆಲ ನೋಡುತ್ತ ತಲೆಯಾಡಿಸಿದ. "ಕೆಲವು ಸಲ."

ಕೇಳಿದ್ದರಿಂದ ಆಕಾಶ ಕಳಚಿ ಬೀಳಲಿಲ್ಲ. ನನ್ನ ಮಗ ಎದುರಿಗೇ ಕೂತಿದ್ದ, ಉಸಿರಾಡುತ್ತಿದ್ದ. ನಾನು ಅತ್ತೆ, ಅವನೂ ಅತ್ತ. ಆಮೇಲೆ ನನ್ನ ಹಳೆಯ ಸ್ವರ ನನಗೆ ವಾಪಸು ಬಂತು.

"ಪಿನ್ನು ಅಡಗಿಸುವ ಕೆಲಸ ನನ್ನಿಂದ ಇನ್ನು ಸಾಧ್ಯ ಇಲ್ಲ. ಪಿಸ್ತೂಲೇ ಈ ಮನೆಯಲ್ಲಿ ಬೇಡ. ಗುಂಡೂ ಬೇಡ. ಪೆಟ್ಟಿಗೆಯ ಕೀಲಿ ಕೊಡು. ಸೋಮವಾರ ಡಾಕ್ಟರ ಹತ್ರ ಹೋಗುದು, ನಾನೂ ಬರ್ತೇನೆ."

"ಪಪ್ಪ ಅಷ್ಟು ಕಷ್ಟಪಟ್ಟು ಮಾಡಿದ್ದು..."

"ನಿನ್ನ ಪಪ್ಪ ಇದ್ದಿದ್ರೆ ಅವರೇ ಕೆರೆಗೆ ಎಸೀತಿದ್ರು."

ಪೊಲೀಸರಿಗೆ ನಾನೇ ಫೋನ್ ಮಾಡಿದೆ. ಮುಟ್ಟಬೇಡಿ, ಇದ್ದಲ್ಲೇ ಇರಲಿ, ಬಂದು ತೆಗೆದುಕೊಂಡು ಹೋಗುತ್ತೇವೆ ಎಂದರು. ಬಂದವರೊಬ್ಬರ ಹತ್ತಿರ ಡೇನಿಯಲ್ ಏನೋ ಕೇಳಿಕೊಂಡ. ಅವರು ಹಿಡಿಯ ಸ್ಕ್ರೂ ಬಿಚ್ಚಿ ಎರಡು ಹಲಸಿನ ತುಂಡುಗಳನ್ನು ನನ್ನ ಕೈಗಿತ್ತರು. ಹೆರೆಮಣೆಯಲ್ಲಿ ಉಳಿದದ್ದು ಅಷ್ಟೇ.

ಅವರು ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತು ಅಕ್ಕಿ ಬಾಚತೊಡಗಿದೆವು.

"ಇದನ್ನ ಗಂಜಿ ಮಾಡ್ತೀಯಾ?"

"ಮತ್ತೆಂತ, ಬಿಸಾಡುದಾ? ಕಸ ನೋಡಿ ಆರಿಸು."

ಅವನು ಆರಿಸಿದ. ಮೊಣಕಾಲು ಆಗಲೂ ಕುಣಿಯುತ್ತಲೇ ಇತ್ತು. ಅದರ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ನಾನೂ ಅಕ್ಕಿ ಆರಿಸಿದೆ.