ಗಾಡಿಯವನ ಹಾಡಿನ ಮೊದಲ ಸುತ್ತು

ರಾಣಿಯ ಶೋಧದವರು ಬಾಗಿಲು ಮುರಿಯುವಂತೆ ಬಡಿದಾಗ ಬ್ರಿಜೆಟ್ ಥೊರೋಲ್ಡ್ ಓಡಿಹೋಗಿ ವರ್ಜಿನಲ್ ಎಂಬ ಕೀಲಿಮಣೆ ವಾದ್ಯದ ಮುಂದೆ ಕೂತು, ಅದರ ಮಣೆಗಳ ಮೇಲೆ ಬೆರಳಾಡಿಸತೊಡಗಿದಳು. ಅವಳ ಅಣ್ಣ ಆ್ಯಂಬ್ರೋಸ್ ರಾಣಿ ನಿಷೇಧಿಸಿದ್ದ ಹಳೆಯ ಮತದ ಪಾದ್ರಿ; ಸಿಕ್ಕಿಬಿದ್ದರೆ ನೇಣು ತಪ್ಪಿದ್ದಲ್ಲ. ಅದೇ ಕೋಣೆಯ ಹೊಗೆಗೂಡಿನ ಹಿಂದಿದ್ದ ಪೊಟರೆಯಲ್ಲಿ ಅವನು ಮುದುಡಿ ಕೂತಿದ್ದ.

ಅಣ್ಣತಂಗಿಯರ ನಡುವೆ ಒಂದು ಸಂಕೇತವಿತ್ತು. ಬೀದಿಯಲ್ಲಿ ಎಲ್ಲರೂ ಗುನುಗುವ ಗಾಡಿಯವನ ಹಾಡನ್ನು ಅವಳು ಸುತ್ತು ಸುತ್ತಾಗಿ ನುಡಿಸುವಳು. ಒಂದು ಸುತ್ತಿನಲ್ಲಿ ಬಲಗೈ ಸರಸರ ಓಡುತ್ತದೆ, ಇನ್ನೊಂದರಲ್ಲಿ ಹಾಡು ಎಡಗೈಯಲ್ಲಿ ಅಡಗುತ್ತದೆ. ಈ ಸಿಂಗಾರ ಇರುವ ತನಕ ಅಪಾಯ. ಹಾಡು ಬರಿದಾಗಿ ಕೇಳಿಸಿದರೆ, ಅವರು ಹೋದರು, ಹೊರಗೆ ಬಾ ಎಂದರ್ಥ. ಭಾರೀ ಉಪಾಯವೆಂದು ಇಬ್ಬರೂ ಬೀಗಿದ್ದರು. ಮೊದಲ ಸುತ್ತಿನಲ್ಲಿ ಹಾಡನ್ನು ಬರಿದಾಗಿ ನುಡಿಸಿಯೇ ಮುಂದಕ್ಕೆ ಹೋಗುವುದು ಊರಿಗೆಲ್ಲ ಗೊತ್ತಿರುವ ಪದ್ಧತಿ ಎಂಬುದು ಮಾತ್ರ ಆ ಸಂಗೀತದ ಹುಚ್ಚರಿಗೆ ಹೊಳೆದಿರಲಿಲ್ಲ.

ಶೋಧದ ಮುಖಂಡ ಗೆಜ್‌ಗೆ ಹೊಳೆಯಿತು. ನೆಲದ ಹಲಗೆ ಕೀಳುತ್ತಿದ್ದ ಆಳುಗಳನ್ನು ಬಿಟ್ಟು ಅವಳ ಪಕ್ಕಕ್ಕೆ ಬಂದು ನಿಂತ.

"ಏನಮ್ಮಾ, ತಲೆ ಬಿಟ್ಟು ಬಾಲದಿಂದ ಶುರುಮಾಡಿದ್ದೀರಿ? ಹಾಡೆಲ್ಲಿ?"

ಮೇಷ್ಟರು ಕಲಿಸಿದ್ದೇ ಹೀಗೆ ಎಂದಳು. ಒಮ್ಮೆ ಬರಿದಾಗಿ ನುಡಿಸಿ, ಕೇಳೋಣ ಎಂದ. ಅವಳು ಕೇಳಿಸದವಳಂತೆ ಮತ್ತೊಂದು ಸುತ್ತಿಗೆ ಹೊರಟಳು. ಕಲಿತದ್ದೆಲ್ಲ ಮುಗಿದುಹೋಗಿತ್ತು, ಈಗ ನುಡಿಸುತ್ತಿದ್ದುದು ಆಗಿಂದಾಗಲೇ ಹೊಸೆದದ್ದು.

"ನಿಮಗೆ ಬರದಿದ್ರೆ ಬಿಡಿ, ನಾನೇ ತೋರಿಸ್ತೀನಿ," ಎಂದು ಗೆಜ್ ಅವಳ ಕೈ ಸರಿಸಿ, ಬೆಂಚಿನ ತುದಿಯಲ್ಲಿ ಕೂತು, ಒಂದೇ ಬೆರಳಿನಲ್ಲಿ ಹಾಡನ್ನು ಬಾರಿಸತೊಡಗಿದ.

ಬರಿದಾದ ಹಾಡು. ಹೊರಗೆ ಬಾ ಎಂಬ ಸಂಕೇತ. ಹೊಗೆಗೂಡಿನ ಕಡೆ ಮರ ಸಣ್ಣಗೆ ಕಿರುಗುಟ್ಟಿತು. ಬ್ರಿಜೆಟ್ ಎರಡೂ ಕೈಗಳನ್ನು ಅವನ ಬೆರಳಿನ ಆಚೀಚೆ ನುಗ್ಗಿಸಿ, ಹಾಡಿನ ಸುತ್ತ ಸ್ವರಗಳನ್ನು ದಟ್ಟವಾಗಿ ಹೆಣೆಯುತ್ತ ಹೋದಳು. ಗೆಜ್ ಖುಷಿಯಿಂದ ತಲೆದೂಗುತ್ತ ಕೊನೆಯವರೆಗೂ ಜೊತೆಗೆ ಬಂದ. ಅಷ್ಟು ಚೆಂದದ ಸುತ್ತನ್ನು ಅವಳು ಎಂದೂ ನುಡಿಸಿರಲಿಲ್ಲ. ಅಣ್ಣನ ಜೀವ ತೆಗೆಯಬಂದವನ ಜೊತೆ ನುಡಿಸುತ್ತ ತನಗೂ ಒಂದು ಗಳಿಗೆ ಸುಖವಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮನೆಯನ್ನೆಲ್ಲ ಜಾಲಾಡಿದರೂ ಆಳುಗಳಿಗೆ ಏನೂ ಸಿಗಲಿಲ್ಲ. ಮೇಷ್ಟರು ಹೇಗಾದರೂ ಇರಲಿ, ಕೈ ಮಾತ್ರ ಒಳ್ಳೆಯದು ಎಂದು ಹೇಳಿ ಗೆಜ್ ಆಳುಗಳನ್ನು ಕರೆದುಕೊಂಡು ಹೊರಟ.

ಕುದುರೆಗಳ ಸದ್ದು ಪೂರ್ತಿ ಅಡಗಿದ ಮೇಲೆ ಅವಳು ಹಾಡನ್ನು ಬರಿದಾಗಿ ನುಡಿಸಿದಳು. ಪೊಟರೆ ತೆರೆಯಲಿಲ್ಲ. ಮತ್ತೆ ನುಡಿಸಿದಳು. ತೆರೆಯಲಿಲ್ಲ. ಉಸಿರು ಕಟ್ಟಿತೋ ಏನೋ ಎಂದು ಓಡಿಹೋಗಿ ಹಲಗೆ ತಟ್ಟಿ, "ಅಣ್ಣಾ, ನಾನು ಕಣೋ," ಎಂದಳು.

ಹಲಗೆ ಸರಿಯಿತು. ಆ್ಯಂಬ್ರೋಸ್ ಎರಡೂ ಕೈಯಲ್ಲಿ ಚಿಲಕವನ್ನು ಬಿಗಿಯಾಗಿ ಹಿಡಿದೇ ಇದ್ದ.

"ಆಗೊಮ್ಮೆ ಹಾಡು ಬರಿದಾಗಿ ಕೇಳಿದ್ದೇ ಚಿಲಕ ತೆಗೆದುಬಿಟ್ಟಿದ್ದೆ ಕಣೇ," ಎಂದ. "ಇನ್ನು ಆ ಹಾಡನ್ನ ಹ್ಯಾಗೆ ನಂಬಲಿ?"