ಬಾಕಿ ಉಳಿದ ಎಡಗೆನ್ನೆ

ಎಂಟು ವರ್ಷಗಳ ನಂತರ ಭಾವ ನನ್ನ ಕ್ಷೌರದಂಗಡಿಗೆ ಬಂದರು. ಜೊತೆಗೆ ಬಂದ ಅಕ್ಕ ಬಾಗಿಲ ಹೊರಗೇ ನಿಂತಳು.

ಎಂಟು ವರ್ಷದ ಹಿಂದೆ, ದೇಶವೇ ಹೊತ್ತಿ ಉರಿದ ಚುನಾವಣೆಯ ವಾರ ನಮ್ಮ ಹಳ್ಳಿಯಲ್ಲೂ ಮೂರು ಅಂಗಡಿಗಳು ಸುಟ್ಟುಹೋಗಿದ್ದವು. ಯಾರು ಯಾರ ಕಡೆ ಎಂಬುದೊಂದೇ ಮಾತು. ಭಾವನ ಬಲಗೆನ್ನೆ ಮುಗಿಸಿ ಗಂಟಲಿಗೆ ಕತ್ತಿಯಿಟ್ಟಿದ್ದ ನಾನು, "ನಿಜ ಹೇಳಿ ಭಾವ, ಓಟು ಯಾರಿಗೆ?" ಎಂದುಬಿಟ್ಟೆ. ನನಗದು ತಮಾಷೆ. ಇಪ್ಪತ್ತು ವರ್ಷದ ಕಸುಬು, ಕೈಯಲ್ಲಿ ಕತ್ತಿಯಿರುವುದೇ ಮರೆತುಹೋಗುತ್ತಿತ್ತು. ಅವರು ನೊರೆಯ ಮುಖದಲ್ಲೇ ಎದ್ದು ನಡೆದರು. ಅಂದಿನಿಂದ ಅಕ್ಕನೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಎರಡು ಸಲ ಕ್ಷಮೆ ಕೇಳಲು ಹೋದೆ, ಬಾಗಿಲು ತೆರೆಯಲಿಲ್ಲ. ಅಂದು ಗೆದ್ದವರೂ ಸೋತವರೂ ಈಗ ಒಂದೇ ಪಕ್ಷದಲ್ಲಿದ್ದಾರೆ.

ಭಾವ ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿಕೊಂಡರು.

"ಎಲ್ಲಿಗೆ ಬಿಟ್ಟಿದ್ದೆ?"

"ಎಡಗೆನ್ನೆ ಬಾಕಿ ಇತ್ತು ಭಾವ. ಗಂಟಲೂ."

"ಹೂಂ. ನಿಮ್ಮಕ್ಕಂದು ದಿನಾ ಒಂದೇ ರಗಳೆ ಕಣೋ. ಸಿಟ್ಟು ಮಾಡ್ಕೊಂಡು ಮಾಡ್ಕೊಂಡು ನಂಗೂ ಸಾಕಾಯ್ತು."

ಹೊಸ ಬ್ಲೇಡು ಹಾಕಿದೆ. ಎಡಗೆನ್ನೆ ಮುಗಿಯಿತು, ಉಳಿದದ್ದೂ ಆಯಿತು. ಗಂಟಲಿಗೆ ಬಂದಾಗ ಕೈ ತಾನಾಗಿ ನಿಂತಿತು.

"ಇಲ್ಲಿಗೆ ಸಾಕಾ ಭಾವ?"

ಅವರು ಕಣ್ಣು ಮುಚ್ಚಿ ಗದ್ದ ಮೇಲೆತ್ತಿದರು. "ಮಾಡು ಮಾರಾಯ. ಬಾಯಿ ಮಾತ್ರ ಮುಚ್ಕೊಂಡಿರು."

ನಾನು ಬಾಯಿ ಮುಚ್ಚಿಕೊಂಡು ಕತ್ತಿಯಿಟ್ಟೆ. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು, ಬೆಂಚಿನ ಮೇಲೆ ಕೂತಳು.